ಬಿಸಿಗೆ ಕರಗುವ ಔಷಧದ ಪಟ್ಟಿಗೆ ರಾಯಚೂರಿನ ಬಿಸಿಲು ಗೊತ್ತಿರಬೇಕು

ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಫ್ರಿಜ್ ಇಲ್ಲದವರು ಔಷಧದ ಬಾಟಲಿಯನ್ನು ಪಕ್ಕದ ಮನೆಯ ಫ್ರಿಜ್‌ನಲ್ಲಿ ಇಡುತ್ತಾರೆ, ಅದೂ ಇಲ್ಲದಿದ್ದರೆ ಮಣ್ಣಿನ ಮಡಕೆಯಲ್ಲಿ. ಕಣ್ಣು ಮಂಜಾದ ಅಜ್ಜಿಗೆ ಸೂಜಿ ಚುಚ್ಚಲು ಮೊಮ್ಮಗ ಮನೆಗೆ ಬರಬೇಕು. ಇಂಥವರ ಮೊಬೈಲ್‌ಗೆ "ಇನ್ನು ಸೂಜಿ ಬೇಡ, ಚರ್ಮಕ್ಕೆ ಪಟ್ಟಿ ಅಂಟಿಸಿದರೆ ಸಾಕು" ಎಂಬ ಸುದ್ದಿ ಬಂದರೆ ಯಾರಿಗೆ ಆಸೆ ಹುಟ್ಟುವುದಿಲ್ಲ?

ಈ ಆಸೆಗೆ ಆಧಾರ ಇಲ್ಲದಿಲ್ಲ. 2016ರಲ್ಲಿ ದಕ್ಷಿಣ ಕೊರಿಯಾದ ಡೇ-ಹ್ಯೊಂಗ್ ಕಿಮ್ ಮತ್ತು ಅವರ ತಂಡ ಇಂಥದ್ದೊಂದು ಪಟ್ಟಿ ಮಾಡಿ ತೋರಿಸಿತು. ಅದರಲ್ಲಿ ಬಳಸಿದ್ದು ಗ್ರ್ಯಾಫೀನ್, ಅಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ. ಅದಕ್ಕೆ ಚಿನ್ನವನ್ನೂ ಸೇರಿಸಿದ್ದರು. ಪಟ್ಟಿ ಬೆವರಿನಲ್ಲಿರುವ ಸಕ್ಕರೆಯನ್ನು ಅಳೆಯುತ್ತದೆ. ಔಷಧ ಕೊಡಬೇಕಾದಾಗ ಒಳಗಿನ ಪುಟ್ಟ ಹೀಟರ್ ಬಿಸಿಯಾಗುತ್ತದೆ. ತೀರಾ ಚಿಕ್ಕ ಸೂಜಿಗಳ ಮೇಲಿನ ಲೇಪ ಕರಗಿ, ಔಷಧ ಚರ್ಮದೊಳಗೆ ಇಳಿಯುತ್ತದೆ. ಸಕ್ಕರೆ ಕಾಯಿಲೆಯ ಇಲಿಗಳಲ್ಲಿ ಇದರಿಂದ ಸಕ್ಕರೆ ಇಳಿಯಿತು.

2017ರಲ್ಲಿ ಅದೇ ತಂಡ ಔಷಧವನ್ನು ನ್ಯಾನೋ ಕಣಗಳಲ್ಲಿ ತುಂಬಿತು. ನ್ಯಾನೋಮೀಟರ್ ಅಂದರೆ ಒಂದು ಮಿಲಿಮೀಟರ್‌ನ 10 ಲಕ್ಷದ ಒಂದು ಪಾಲು. ಒಂದು ಬಗೆಯ ಕಣ 38 ಡಿಗ್ರಿಗೆ ಕರಗುತ್ತದೆ, ಇನ್ನೊಂದು 43 ಡಿಗ್ರಿಗೆ. ಎಷ್ಟು ಬಿಸಿ ಕೊಡುತ್ತೀರೋ ಅಷ್ಟು ಔಷಧ.

ನಮ್ಮ ತಕರಾರು ಇಲ್ಲೇ ಶುರುವಾಗುವುದು. ರಾಯಚೂರು, ಕಲಬುರಗಿ ಕಡೆ ಮೇ ತಿಂಗಳಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಹೊಲದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕಳೆ ಕೀಳುವವರ ತೋಳಿನ ಮೇಲೆ ಈ ಪಟ್ಟಿ ಇದ್ದರೆ, ಔಷಧ ಬಿಡುವುದು ಹೀಟರ್ರೋ, ಸೂರ್ಯನೋ? ಸಕ್ಕರೆ ಇಳಿಸುವ ಔಷಧ ಒಮ್ಮೆಲೇ ಒಳಗೆ ಹೋದರೆ ಆಗುವ ಅಪಾಯವನ್ನು ಇನ್ಸುಲಿನ್ ಹೆಚ್ಚಾಗಿ ಕಣ್ಣುಕತ್ತಲೆ ಬಂದು ಬಿದ್ದವರನ್ನು ಕೇಳಿ.

ಇದು ಬರೀ ನಮ್ಮ ಊಹೆಯಲ್ಲ. ತೀವ್ರ ನೋವಿಗೆ ಕೊಡುವ ಫೆಂಟನಿಲ್ ಪಟ್ಟಿಯ ಮೇಲೆ ಬಿಸಿ ಶಾಖ ಕೊಟ್ಟರೆ ಔಷಧ ಮಿತಿಮೀರಿ ದೇಹಕ್ಕೆ ಸೇರಿ ಪ್ರಾಣಕ್ಕೇ ಕುತ್ತು ಬರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು. ಬಿಸಿಯಾದಾಗ ಚರ್ಮದಡಿ ರಕ್ತದ ಓಡಾಟ ಹೆಚ್ಚುತ್ತದೆ, ಔಷಧವೂ ಬೇಗ ಒಳಸೇರುತ್ತದೆ. ಬೆವರುವ ಮೈಯಲ್ಲಿ ಕೀಟನಾಶಕ ಹೊಡೆಯಬಾರದು ಎನ್ನುವುದಕ್ಕೂ ಇದೇ ಒಂದು ಕಾರಣ. ಚರ್ಮಕ್ಕೆ ಔಷಧ ಯಾವುದು, ವಿಷ ಯಾವುದು ಎಂಬ ಭೇದ ಗೊತ್ತಿಲ್ಲ.

ಹಾಗಂತ ಈ ಸಂಶೋಧನೆ ಬೇಡ ಎನ್ನುವವರು ನಾವಲ್ಲ. ಸೂಜಿ, ಫ್ರಿಜ್, ತಾಲ್ಲೂಕು ಆಸ್ಪತ್ರೆಯ ಬಸ್ಸು ಇವೆಲ್ಲದರ ಕಷ್ಟ ಹೆಚ್ಚು ಗೊತ್ತಿರುವುದು ಹಳ್ಳಿಯವರಿಗೇ. ಅದಕ್ಕೇ ನಾವು ಹೇಳುವುದು, ಇಂಥ ಪಟ್ಟಿ ನಮ್ಮ ದೇಶಕ್ಕೆ ಬರುವ ದಿನ ಅದರ ಪರೀಕ್ಷೆ ಎಸಿ ಕೋಣೆಯಲ್ಲಿ ಮುಗಿಯಬಾರದು. ಮೇ ತಿಂಗಳ ಹೊಲದಲ್ಲಿ, ಬೆವರಿನಲ್ಲಿ, ದೂಳಿನಲ್ಲಿ ಆಗಬೇಕು. ಚಾರ್ಜ್ ಮುಗಿದರೆ ಏನು, ಕರೆಂಟ್ ಹೋದರೆ ಏನು ಎಂಬುದಕ್ಕೆ ಉತ್ತರ ಇರಬೇಕು. ಕಣಗಳು ಕೆಲಸ ಮುಗಿಸಿ ದೇಹದಲ್ಲಿ ಎಲ್ಲಿ ಹೋಗುತ್ತವೆ ಎಂಬುದನ್ನು ಕನ್ನಡದಲ್ಲಿ ತಿಳಿಸಬೇಕು. ಕೂಲಿಯವರ ಕೈಗೆಟುಕುವ ಬೆಲೆಯೂ ಇರಬೇಕು.

ಒಂದು ಮಾತು ನೆನಪಿಡಿ. ಕೊರಿಯಾದ ಪಟ್ಟಿಯಲ್ಲಿ ಇದ್ದದ್ದು ಮೆಟ್‌ಫಾರ್ಮಿನ್, ಇನ್ಸುಲಿನ್ ಅಲ್ಲ. ಇನ್ಸುಲಿನ್ ಅಣು ದೊಡ್ಡದು, ಚರ್ಮ ದಾಟುವುದು ಸುಲಭವಲ್ಲ. ಆದ್ದರಿಂದ ವಾಟ್ಸಾಪ್ ಸುದ್ದಿ ನಂಬಿ ಯಾರೂ ಸೂಜಿ ನಿಲ್ಲಿಸಬೇಡಿ. ಮನೆಯಲ್ಲಿ ಯಾರಿಗಾದರೂ ವೈದ್ಯರು ಔಷಧದ ಪಟ್ಟಿ ಕೊಟ್ಟಿದ್ದರೆ ಅದರ ಮೇಲೆ ಬಿಸಿನೀರಿನ ಚೀಲ ಇಡಬೇಡಿ, ಬಿಸಿಲಿಗೆ ಒಡ್ಡಬೇಡಿ. ಜ್ವರ ಬಂದರೆ ಕೂಡಲೇ ವೈದ್ಯರನ್ನು ಕೇಳಿ.