ಗೈರುಹಾಜರಾದವರು ಕೊಟ್ಟ ತೀರ್ಪು

2024ರ ಡಿಸೆಂಬರ್ 7ರಂದು ದಕ್ಷಿಣ ಕೊರಿಯಾದ ಸಂಸತ್ತಿನಲ್ಲಿ ಅಧ್ಯಕ್ಷ ಯೂನ್ ಸುಕ್ ಯೋಲ್ ವಿರುದ್ಧದ ಮಹಾಭಿಯೋಗ ಗೊತ್ತುವಳಿ ಬಿದ್ದುಹೋಯಿತು. ನಾಲ್ಕು ದಿನಗಳ ಹಿಂದಷ್ಟೇ ಅವರು ರಾತ್ರೋರಾತ್ರಿ ಸೇನಾ ಕಾನೂನು ಘೋಷಿಸಿದ್ದರು. ಸಂಸತ್ ಭವನಕ್ಕೇ ಸೈನಿಕರು ನುಗ್ಗಿದ್ದರು. ಅಂಥ ಅಪರಾಧದ ಬಳಿಕವೂ ಅವರನ್ನು ಉಳಿಸಿದ್ದು ಯಾರ ಮತ? ಯಾರದ್ದೂ ಅಲ್ಲ. 300 ಸದಸ್ಯರ ಸದನದಲ್ಲಿ 200 ಮತಗಳು ಬೇಕಿದ್ದವು. ಆಡಳಿತ ಪಕ್ಷದವರು ಮೂವರನ್ನು ಬಿಟ್ಟು ಉಳಿದವರೆಲ್ಲ ಎದ್ದು ಹೊರನಡೆದರು. ಮತ ಹಾಕಿದವರು 195 ಮಂದಿ. ಕೋರಂ ಇಲ್ಲವೆಂದು ಆ ಮತಗಳನ್ನು ಎಣಿಸಲೂ ಇಲ್ಲ.

ನಮ್ಮ ದೇಶದಲ್ಲಿ ರಾಷ್ಟ್ರಪತಿಯನ್ನು ಪದಚ್ಯುತಗೊಳಿಸಲು ಸಂವಿಧಾನದ 61ನೇ ವಿಧಿಯಿದೆ. ಅದನ್ನು ಬಳಸುವ ಸಂದರ್ಭ ಇದುವರೆಗೆ ಒದಗಿಲ್ಲ. ಆದರೆ ನ್ಯಾಯಾಧೀಶರೊಬ್ಬರ ವಿರುದ್ಧದ ಗೊತ್ತುವಳಿ ಲೋಕಸಭೆಯಲ್ಲಿ ಮತಕ್ಕೆ ಬಂದದ್ದುಂಟು. 1993ರ ಮೇ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ರಾಮಸ್ವಾಮಿಯವರ ಪದಚ್ಯುತಿಯ ಪರವಾಗಿ 196 ಮತಗಳು ಬಿದ್ದವು. ವಿರುದ್ಧವಾಗಿ ಒಂದೇ ಒಂದು ಮತವೂ ಬೀಳಲಿಲ್ಲ. ಆದರೂ ಗೊತ್ತುವಳಿ ಸೋತಿತು. ಅಂದು ಅಧಿಕಾರದಲ್ಲಿದ್ದ ಕಾಂಗ್ರೆಸ್ ಮತ್ತು ಅದರ ಮಿತ್ರರಾದ 205 ಮಂದಿ ಮತದಾನದಿಂದ ದೂರವುಳಿದಿದ್ದರು. ಆರೋಪಿಯನ್ನು ಸಮರ್ಥಿಸುವ ಧೈರ್ಯವೂ ಇಲ್ಲ, ಶಿಕ್ಷಿಸುವ ಮನಸ್ಸೂ ಇಲ್ಲ. ಸುಮ್ಮನೆ ಕೈಕಟ್ಟಿ ಕುಳಿತರಾಯಿತು! ಅಂದು ಲೋಕಸಭೆಯ ಮುಂದೆ ರಾಮಸ್ವಾಮಿಯವರ ಪರ ವಾದಿಸಿದ ವಕೀಲರು ಕಪಿಲ್ ಸಿಬಲ್. 2024ರ ಡಿಸೆಂಬರ್‌ನಲ್ಲಿ, ಮುಸ್ಲಿಮರ ಕುರಿತು ಆಡಿದ ಮಾತುಗಳಿಗಾಗಿ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಶೇಖರ್ ಯಾದವ್ ವಿರುದ್ಧ ರಾಜ್ಯಸಭೆಯ 55 ಸದಸ್ಯರು ಮಹಾಭಿಯೋಗದ ನೋಟಿಸು ನೀಡಿದಾಗ ಮುಂದಾಳತ್ವ ವಹಿಸಿದವರೂ ಅವರೇ.

ಅದಿರಲಿ. ದೂರದ ಸಿಯೋಲ್‌ನ ಕಥೆಯನ್ನು ಯಾದಗಿರಿ, ಶಹಾಪುರ, ಸುರಪುರದ ಓದುಗರ ಮುಂದಿಡಲು ಕಾರಣವಿದೆ. ನಮ್ಮಲ್ಲಿ ಮುಖ್ಯಮಂತ್ರಿಯನ್ನು ಇಳಿಸಲು ಮಹಾಭಿಯೋಗ ಬೇಕಿಲ್ಲ, ವಿಶ್ವಾಸಮತ ಸಾಕು. ಆದರೆ ಗೈರುಹಾಜರಿಯೇ ಅಲ್ಲಿಯೂ ನಿರ್ಣಾಯಕ. ಈ ವಿದ್ಯೆಯಲ್ಲಿ ಕರ್ನಾಟಕ ಯಾರಿಗೂ ಕಡಿಮೆಯಲ್ಲ. ಅದರ ಒಂದು ಅಧ್ಯಾಯವಂತೂ ನಮ್ಮ ಜಿಲ್ಲೆಯದ್ದೇ.

2019ರ ಫೆಬ್ರವರಿ 8ರಂದು, ಬಜೆಟ್ ಮಂಡನೆಗೆ ಮುನ್ನ, ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಒಂದು ಧ್ವನಿಸುರುಳಿಯನ್ನು ಬಿಡುಗಡೆ ಮಾಡಿದರು. ಗುರುಮಠಕಲ್‌ನ ಜೆಡಿಎಸ್ ಶಾಸಕ ನಾಗನಗೌಡ ಕಂದಕೂರ ಅವರನ್ನು ಸೆಳೆಯಲು ಅವರ ಪುತ್ರ ಶರಣಗೌಡರಿಗೆ ಬಿ.ಎಸ್. ಯಡಿಯೂರಪ್ಪನವರು ದೇವದುರ್ಗದ ಪ್ರವಾಸಿ ಮಂದಿರದಲ್ಲಿ ಹಣ ಮತ್ತು ಮಂತ್ರಿಗಿರಿಯ ಆಮಿಷ ಒಡ್ಡಿದರೆಂಬುದು ಆರೋಪ. ಮೊದಲು ಎಲ್ಲವನ್ನೂ ಅಲ್ಲಗಳೆದ ಯಡಿಯೂರಪ್ಪನವರು, ಎರಡು ದಿನಗಳ ಬಳಿಕ ಭೇಟಿ ನಡೆದದ್ದು ನಿಜವೆಂದೂ ಸುರುಳಿಯನ್ನು ಬೇಕಾದಂತೆ ಕತ್ತರಿಸಲಾಗಿದೆಯೆಂದೂ ಹೇಳಿದರು. ವಿಧಾನಸಭೆಯಲ್ಲಿ ಕೋಲಾಹಲ, ದೇವದುರ್ಗ ಠಾಣೆಯಲ್ಲಿ ಪ್ರಕರಣ, ಬಳಿಕ ತಡೆಯಾಜ್ಞೆ. ಹೈಕೋರ್ಟಿನ ಕಲಬುರಗಿ ಪೀಠ ತನಿಖೆಗೆ ಅನುಮತಿ ನೀಡುವಷ್ಟರಲ್ಲಿ 2021 ಬಂದಿತ್ತು. ಅಷ್ಟರಲ್ಲಿ ಆರೋಪಿತರೇ ಮುಖ್ಯಮಂತ್ರಿಯಾಗಿದ್ದರು.

ಆ ಸುರುಳಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ ದಿನಗಳಲ್ಲಿ ನಮ್ಮ ಊರುಗಳ ಪ್ರತಿಕ್ರಿಯೆ ಹೇಗಿತ್ತು? ಚಹಾದಂಗಡಿಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಜನ ಕೇಳಿದ್ದು ಅಪರಾಧ ನಡೆದಿದೆಯೇ ಎಂದಲ್ಲ, ಗೌಡರ ಬೆಲೆ ಎಷ್ಟಂತೆ ಎಂದು. ಕೆಲವರು ಧ್ವನಿಯ ಅನುಕರಣೆ ಮಾಡಿ ನಗಿಸಿದರು. ಇನ್ನು ಕೆಲವರು, ಕೈಗೆ ಬಂದದ್ದನ್ನು ಬಿಟ್ಟ ಮೂರ್ಖರು ಎಂದು ಕನಿಕರಿಸಿದರು! ತಾವೇ ಕೊಟ್ಟ ಮತಕ್ಕೆ ಮತ್ತೊಬ್ಬರು ದರ ಕಟ್ಟುತ್ತಿದ್ದಾರೆಂಬ ಸಿಟ್ಟು ಎಲ್ಲಿಯೂ ಕಾಣಲಿಲ್ಲ. ಮಸೀದಿಯ ಅಂಗಳದಲ್ಲಾಗಲಿ ಮಠದ ಜಗುಲಿಯಲ್ಲಾಗಲಿ ಇದೊಂದು ನೈತಿಕ ಪ್ರಶ್ನೆಯೆಂಬಂತೆ ಚರ್ಚೆಯಾಗಲಿಲ್ಲ. ಮತವೆಂದರೆ ಅಮಾನತ್ ಎಂದು ಚುನಾವಣೆಯ ಮುನ್ನಾದಿನ ನಮಗೆ ಬೋಧಿಸುವವರು, ಆ ಅಮಾನತ್ತನ್ನು ಹರಾಜಿಗಿಟ್ಟಾಗ ಮಾತಾಡಲಿಲ್ಲ.

ಫೆಬ್ರವರಿಯ ಯತ್ನ ಫಲಿಸಲಿಲ್ಲ. ಕಂದಕೂರರು ಪಕ್ಷ ಬಿಡಲಿಲ್ಲ, ಸರಕಾರ ಉಳಿಯಿತು. ಆದರೆ ಜುಲೈ ತಿಂಗಳಲ್ಲಿ ಅದೇ ಆಟ ದೊಡ್ಡ ಪ್ರಮಾಣದಲ್ಲಿ ನಡೆಯಿತು. ರಾಜೀನಾಮೆ ಬಿಸಾಕಿದ ಶಾಸಕರು ಮುಂಬಯಿಯ ಹೋಟೆಲು ಸೇರಿದರು. ಜುಲೈ 23ರಂದು ವಿಶ್ವಾಸಮತ 99-105ರಿಂದ ಬಿದ್ದಿತು. ಅಂದು ಸದನಕ್ಕೆ ಬಾರದವರು 20 ಮಂದಿ. ಕೊರಿಯಾದಲ್ಲಿ ಗೈರುಹಾಜರಿ ಅಧ್ಯಕ್ಷರನ್ನು ಉಳಿಸಿತು, ಇಲ್ಲಿ ಮುಖ್ಯಮಂತ್ರಿಯನ್ನು ಉರುಳಿಸಿತು.

ಸ್ಪೀಕರ್ ರಮೇಶ್ ಕುಮಾರ್ ಅನರ್ಹಗೊಳಿಸಿದ 17 ಶಾಸಕರಲ್ಲಿ ಶಿವಾಜಿನಗರದ ರೋಷನ್ ಬೇಗ್ ಕೂಡ ಒಬ್ಬರು. ಸಮುದಾಯದ ನಾಯಕರೆಂದು ದಶಕಗಳ ಕಾಲ ನಾವು ಹಾರ ಹಾಕಿದವರು. ಬೇರೆಯವರ ಪಕ್ಷಾಂತರವನ್ನು ದ್ರೋಹವೆನ್ನುವ ನಮ್ಮ ನಾಲಗೆ, ಅವರ ವಿಷಯ ಬಂದಾಗ ಅದೇಕೆ ತಡವರಿಸುತ್ತದೆ? ಅವರನ್ನು ಹೈಕಮಾಂಡ್ ಕಡೆಗಣಿಸಿತ್ತಂತೆ, ಅವಮಾನಿಸಿತ್ತಂತೆ. ಆಗಿರಬಹುದು. ಆ ಅವಮಾನಕ್ಕೂ ಶಿವಾಜಿನಗರದ ಮತದಾರನಿಗೂ ಏನು ಸಂಬಂಧ?

2019ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೂ ಸ್ಪರ್ಧಿಸುವಂತಿಲ್ಲ ಎಂಬ ಸ್ಪೀಕರ್ ನಿರ್ಬಂಧವನ್ನು ತೆಗೆದುಹಾಕಿತು. ಡಿಸೆಂಬರ್ 5ರ ಉಪಚುನಾವಣೆ ನಡೆದ 15 ಕ್ಷೇತ್ರಗಳಲ್ಲಿ 12 ಬಿಜೆಪಿಯ ಪಾಲಾದವು. ಅಂದರೆ ಅಪರಾಧ ಸಾಬೀತಾಯಿತು, ಶಿಕ್ಷೆ ಇಲ್ಲವಾಯಿತು; ಮತದಾರನೇ ಅವರಿಗೆ ಮಂತ್ರಿಗಿರಿಯ ಬಾಗಿಲು ತೆರೆದ. 1985ರಿಂದ ಜಾರಿಯಲ್ಲಿರುವ ಪಕ್ಷಾಂತರ ನಿಷೇಧ ಕಾಯ್ದೆ ವಿಪ್ ಉಲ್ಲಂಘಿಸಿದವನನ್ನು ಹಿಡಿಯುತ್ತದೆ, ಆದರೆ ಹಿಡಿದವನನ್ನು ಮರುತಿಂಗಳೇ ಹೊಸ ಅಂಗಿ ತೊಟ್ಟು ಬರಲು ಬಿಡುತ್ತದೆ. ಇನ್ನು ಸುರುಳಿ ಬಿಡುಗಡೆ ಮಾಡಿದ ಜೆಡಿಎಸ್ 2023ರ ಸೆಪ್ಟೆಂಬರ್‌ನಲ್ಲಿ ಬಿಜೆಪಿಯೊಡನೆ ಮೈತ್ರಿ ಮಾಡಿಕೊಂಡಿತು. ಅದಕ್ಕೆ ನಾಲ್ಕು ತಿಂಗಳ ಮುಂಚೆಯಷ್ಟೇ ಶರಣಗೌಡರು ಅದೇ ಪಕ್ಷದಿಂದ ಗುರುಮಠಕಲ್‌ನ ಶಾಸಕರಾಗಿದ್ದರು.

ಸಿಯೋಲ್‌ನಲ್ಲಿ ಏನಾಯಿತೆಂದು ನೋಡಿ. ಗೊತ್ತುವಳಿ ಬಿದ್ದ ಆ ಸಂಜೆ ವಿರೋಧ ಪಕ್ಷದ ನಾಯಕರು ಹೊರನಡೆದವರ ಹೆಸರುಗಳನ್ನು ಶಾಲೆಯ ಹಾಜರಿ ಕೂಗಿದಂತೆ ಒಂದೊಂದಾಗಿ ಸದನದಲ್ಲಿ ಓದಿದರು. ಹೊರಗೆ ಕೊರೆಯುವ ಚಳಿಯಲ್ಲಿ ಲಕ್ಷಾಂತರ ಜನ ನಿಂತಿದ್ದರು. ಯುವತಿಯರು ಸಂಗೀತ ಕಚೇರಿಗೆ ಒಯ್ಯುವ ಬೆಳಕಿನ ಕೋಲುಗಳನ್ನು ಹಿಡಿದು ಬಂದಿದ್ದರು. ಗೈರಾದವರ ಕಚೇರಿಗಳ ಮುಂದೆ ಸಾವಿನ ಮನೆಗೆ ಕಳುಹಿಸುವ ಹೂಚಕ್ರಗಳು ಬಂದು ಬಿದ್ದವು. ಒಂದು ವಾರ ಕಳೆದು, ಡಿಸೆಂಬರ್ 14ರಂದು, ಅದೇ ಸದನದಲ್ಲಿ 204 ಮತಗಳು ಬಿದ್ದವು. 2025ರ ಏಪ್ರಿಲ್ 4ರಂದು ಸಾಂವಿಧಾನಿಕ ನ್ಯಾಯಾಲಯ ಸರ್ವಾನುಮತದಿಂದ ಯೂನ್‌ರನ್ನು ಪದಚ್ಯುತಗೊಳಿಸಿತು. ಆ ಏಳು ದಿನಗಳಲ್ಲಿ ಸದನದ ಸಂಖ್ಯಾಬಲ ಬದಲಾಗಿರಲಿಲ್ಲ. ಬಾರದೆ ಉಳಿಯುವುದು ಕಷ್ಟವಾಗಿತ್ತು, ಅಷ್ಟೆ.

ನಮ್ಮವರಿಗೆ ಚಳಿಯಲ್ಲಿ ನಿಲ್ಲುವ ಶಕ್ತಿಯಿಲ್ಲವೆಂದು ಯಾರೂ ಹೇಳುವಂತಿಲ್ಲ. ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡಗಳಿಗೆ ಕಲ್ಲು ಮಣ್ಣು ಹೊರುವ ಜನ, ಮತದಾನದ ದಿನಕ್ಕೆಂದು ದಿನಗೂಲಿ ಕಳೆದುಕೊಂಡು, ಬಸ್ಸಿನಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟು ಊರಿಗೆ ಬರುತ್ತಾರೆ. ಸರತಿಯಲ್ಲಿ ನಿಂತು ಬೆರಳಿಗೆ ಮಸಿ ಹಚ್ಚಿಸಿಕೊಂಡು ಮರುದಿನವೇ ಹಿಂತಿರುಗುತ್ತಾರೆ. ಅವರು ಹಾಜರಾಗುವುದು ಐದು ವರ್ಷಕ್ಕೊಮ್ಮೆ, ಆದರೆ ತಪ್ಪದೆ ಹಾಜರಾಗುತ್ತಾರೆ. ಅವರು ಆರಿಸಿ ಕಳುಹಿಸಿದವನಿಗೆ ವಿಧಾನಸೌಧದಲ್ಲಿ ಕುರ್ಚಿ, ಭತ್ಯೆ, ಪಿಂಚಣಿ ಎಲ್ಲವೂ ಇದೆ; ಸರಕಾರದ ಅಳಿವು ಉಳಿವಿನ ದಿನ ಬರಲು ಮಾತ್ರ ಅವನಿಗೆ ಪುರುಸೊತ್ತಿಲ್ಲ.

2024ರ ಫೆಬ್ರವರಿಯಲ್ಲಿ ಹಿಮಾಚಲ ಪ್ರದೇಶದಲ್ಲಿ ಬಜೆಟ್ ಮತದಾನಕ್ಕೆ ಗೈರಾದ ಆರು ಮಂದಿ ಕಾಂಗ್ರೆಸ್ ಶಾಸಕರು ಅನರ್ಹರಾದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಪಕ್ಷಾಂತರಕ್ಕಾಗಿ ಅನರ್ಹರಾದವರಿಗೆ ಪಿಂಚಣಿ ನಿಲ್ಲಿಸುವ ಮಸೂದೆಯನ್ನು ಅಲ್ಲಿನ ವಿಧಾನಸಭೆ ಅಂಗೀಕರಿಸಿತು. ಅದು ಸಣ್ಣ ಶಿಕ್ಷೆ. ಕೋಟಿಗಳ ಮುಂದೆ ಪಿಂಚಣಿ ಯಾವ ಲೆಕ್ಕ ಎನ್ನಬಹುದು. ಆದರೂ ಕರ್ನಾಟಕದಲ್ಲಿ ಅಂಥದೊಂದು ಮಸೂದೆಗೆ ಒತ್ತಾಯಿಸುವಿರಾ ಎಂದು ಜಿಲ್ಲೆಯ ನಾಲ್ವರು ಶಾಸಕರನ್ನು ಕೇಳಲು ಸಿಯೋಲ್‌ಗೆ ಹೋಗಬೇಕಿಲ್ಲ. ಶಾದಿ ಮಹಲಿನ ಉದ್ಘಾಟನೆಗೋ, ಉರುಸಿಗೋ, ಇಫ್ತಾರ್ ಕೂಟಕ್ಕೋ ಅವರು ತಪ್ಪದೆ ಬರುತ್ತಾರೆ. ಶಾಲು ಹೊದಿಸುವ ಮುನ್ನ ಕೇಳಬಹುದು.