ಪರದೆಯ ಮೇಲಿನ ಕೋಟೆ, ಮನೆಯೊಳಗಿನ ಮಕ್ಕಳು

"ಸರ್, ಮಗ ಕಂಪ್ಯೂಟರಿನಲ್ಲಿ ಯುದ್ಧದ ಆಟ ಆಡುತ್ತಾನೆ. ಬಿಡಬೇಕೋ, ಬೇಡವೋ?" ಹೆತ್ತವರು ನನ್ನಲ್ಲಿ ಆಗಾಗ ಕೇಳುವ ಪ್ರಶ್ನೆ ಇದು. ಬೇಡ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದು. ಆದರೆ ಹಾಗೆಂದ ಮನೆಯ ಹುಡುಗ ಆಟ ಬಿಡುವುದಿಲ್ಲ, ಆಡುವ ಜಾಗವನ್ನು ಬದಲಿಸುತ್ತಾನೆ. ಗೆಳೆಯನ ಮೊಬೈಲಿನಲ್ಲಿ, ಗುರುತಿಲ್ಲದವರ ಜೊತೆ, ಕೆಲವೊಮ್ಮೆ ಹಣ ಕಟ್ಟಿ ಆಡುತ್ತಾನೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಂದ ಮನೆಗಳು ಹಾಳಾಗುತ್ತಿರುವುದನ್ನು ಕಂಡು 2025ರ ಆಗಸ್ಟ್‌ನಲ್ಲಿ ಸಂಸತ್ತು ಅವನ್ನು ನಿಷೇಧಿಸುವ ಕಾನೂನನ್ನೇ ಮಾಡಬೇಕಾಯಿತು. ಆದ್ದರಿಂದ ಆಟವೆಂದರೆ ಎಲ್ಲವೂ ಒಂದೇ ಎಂದು ತಿಳಿಯುವುದು ಬೇಡ. ಯಾವ ಆಟ, ಎಲ್ಲಿ, ಎಷ್ಟು ಹೊತ್ತು, ಯಾರ ಜೊತೆ ಎಂದು ವಿಚಾರಿಸೋಣ.

ಈ ತಿಂಗಳು ಒಂದು ಹಳೆಯ ಆಟದ ಬಗ್ಗೆ ಹೇಳುತ್ತೇನೆ. ಅದರ ಹೆಸರು 'ಏಜ್ ಆಫ್ ಎಂಪಾಯರ್ಸ್' ಎರಡನೇ ಭಾಗ. ಎನ್ಸೆಂಬಲ್ ಸ್ಟುಡಿಯೋಸ್ ಎಂಬ ಸಂಸ್ಥೆ ತಯಾರಿಸಿ, ಮೈಕ್ರೋಸಾಫ್ಟ್ 1999ರಲ್ಲಿ ಬಿಡುಗಡೆ ಮಾಡಿತು. 2000ದಲ್ಲಿ 'ದಿ ಕಾಂಕರರ್ಸ್' ಎಂಬ ಪೂರಕ ಭಾಗ ಬಂತು. ಇಂದು ಮಕ್ಕಳ ತಂದೆಯರಾಗಿರುವ ಅನೇಕರು ಕಾಲೇಜು ದಿನಗಳಲ್ಲಿ ಸೈಬರ್ ಕೆಫೆಗಳಲ್ಲಿ ಇದನ್ನು ಆಡಿದವರೇ. ಇದಕ್ಕೆ ಇಂಟರ್ನೆಟ್ ಬೇಕಿಲ್ಲ. ನಡುವೆ ಹಣ ಕೇಳುವುದಿಲ್ಲ. ಗುರುತಿಲ್ಲದವರು ಬಂದು ಮಾತನಾಡುವುದಿಲ್ಲ. ಪೆಂಟಿಯಂ 166 ಮೆಗಾಹರ್ಟ್ಸ್ ಪ್ರೊಸೆಸರ್, 32 ಎಂ.ಬಿ. ರ್‍ಯಾಮ್ ಇದ್ದರೆ ಸಾಕು ಎಂದು ಅಂದು ಡಬ್ಬಿಯ ಮೇಲೆ ಬರೆದಿತ್ತು. ಅಂದರೆ ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟ ಹಳೆಯ ಕಂಪ್ಯೂಟರ್ ಕೂಡಾ ಇದಕ್ಕೆ ಧಾರಾಳವಾಯಿತು.

ಮೊದಲು ಅಳವಡಿಸುವ ಕ್ರಮ ನೋಡೋಣ. ನಿಮ್ಮಲ್ಲಿ ಅಸಲಿ ಸಿ.ಡಿ. ಇದ್ದು, ಕಂಪ್ಯೂಟರಿನಲ್ಲಿ ವಿಂಡೋಸ್ ಎಕ್ಸ್‌ಪಿ ಇದ್ದರೆ ಕೆಲಸ ಸುಲಭ. ಸಿ.ಡಿ. ಹಾಕಿದೊಡನೆ ಸೆಟಪ್ ಕಿಟಕಿ ತೆರೆದುಕೊಳ್ಳುತ್ತದೆ. ತೆರೆಯದಿದ್ದರೆ 'ಮೈ ಕಂಪ್ಯೂಟರ್'ಗೆ ಹೋಗಿ ಸಿ.ಡಿ.ಯ ಚಿತ್ರದ ಮೇಲೆ ಎರಡು ಸಲ ಒತ್ತಿ. ಸಿ.ಡಿ.ಯ ಕವರಿನ ಮೇಲಿರುವ ಉದ್ದನೆಯ ಕೀ ಸಂಖ್ಯೆಯನ್ನು ತಪ್ಪಿಲ್ಲದೆ ತುಂಬಿಸಿ. ಡೈರೆಕ್ಟ್ ಎಕ್ಸ್ ಹಾಕಲೇ ಎಂದು ಕೇಳಿದರೆ ಬೇಡವೆನ್ನಿ. ಎಕ್ಸ್‌ಪಿಯಲ್ಲಿ ಅದಕ್ಕಿಂತ ಹೊಸದು ಆಗಲೇ ಇರುತ್ತದೆ. ಮೊದಲು ಮೂಲ ಆಟ, ಅನಂತರ 'ಕಾಂಕರರ್ಸ್' ಸಿ.ಡಿ. ಈ ಕ್ರಮ ತಪ್ಪಬಾರದು. ಆಡುವಾಗಲೂ ಸಿ.ಡಿ. ಡ್ರೈವಿನೊಳಗೇ ಇರಬೇಕು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ರಕ್ಷಣೆ 2014ರ ಏಪ್ರಿಲ್‌ಗೇ ನಿಂತಿದೆ. ಆದ್ದರಿಂದ ಅಂತಹ ಕಂಪ್ಯೂಟರಿಗೆ ಇಂಟರ್ನೆಟ್ ಜೋಡಿಸಬೇಡಿ. ಆಟಕ್ಕೆ ಅದು ಬೇಕಾಗಿಯೂ ಇಲ್ಲ.

ವಿಂಡೋಸ್ 7 ಇದ್ದವರಿಗೆ ಒಂದು ವಿಚಿತ್ರ ಎದುರಾಗುತ್ತದೆ. ಹುಲ್ಲು ಕೆಂಪಾಗಿ, ನೀರು ನೇರಳೆಯಾಗಿ ಕಾಣುತ್ತದೆ! ಕಂಪ್ಯೂಟರ್ ಕೆಟ್ಟಿತೆಂದು ಗಾಬರಿ ಬೇಡ. ಈ ಆಟ ಬಳಸುವುದು 256 ಬಣ್ಣಗಳನ್ನು ಮಾತ್ರ. ಹೊಸ ವಿಂಡೋಸ್ ಆ ಬಣ್ಣಗಳ ಪಟ್ಟಿಯಲ್ಲಿ ಕೈಯಾಡಿಸುವುದರಿಂದ ಹೀಗಾಗುತ್ತದೆ. ಆಟದ ಐಕಾನಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ಪ್ರಾಪರ್ಟೀಸ್'ನಲ್ಲಿ 'ಕಂಪ್ಯಾಟಿಬಿಲಿಟಿ' ಆರಿಸಿ, ಅಲ್ಲಿ ಎಕ್ಸ್‌ಪಿ ಮತ್ತು 256 ಬಣ್ಣ ಎರಡಕ್ಕೂ ಗುರುತು ಹಾಕಿ. ಅದರಿಂದಲೂ ಸರಿಯಾಗದಿದ್ದರೆ 'ಸ್ಕ್ರೀನ್ ರೆಸಲ್ಯೂಷನ್' ಕಿಟಕಿಯನ್ನು ತೆರೆದಿಟ್ಟು ಆಟ ಶುರು ಮಾಡಿ. ನಗು ಬರುವ ಉಪಾಯ, ಆದರೆ ಕೆಲಸ ಮಾಡುತ್ತದೆ.

ವಿಂಡೋಸ್ 10 ಮತ್ತು 11ರಲ್ಲಿ ಹಳೆಯ ಸಿ.ಡಿ. ನಡೆಯುವುದಿಲ್ಲವೆಂದೇ ತಿಳಿಯಿರಿ. ನಕಲು ತಡೆಯಲು ಸಿ.ಡಿ.ಯಲ್ಲಿ 'ಸೇಫ್‌ಡಿಸ್ಕ್' ಎಂಬ ಬೀಗ ಹಾಕಿದ್ದರು. ಆ ಬೀಗದಿಂದ ಕಂಪ್ಯೂಟರಿನ ಭದ್ರತೆಗೇ ಅಪಾಯವೆಂದು 2015ರಲ್ಲಿ ವಿಂಡೋಸ್ ಅದನ್ನು ಕೈಬಿಟ್ಟಿತು. ವಿಂಡೋಸ್ 7ಕ್ಕೂ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅದನ್ನು ತಡೆಯುವ ಅಪ್‌ಡೇಟ್ ಬಂತು. ಹೊಸ ಕಂಪ್ಯೂಟರ್ ಇರುವವರಿಗೆ 2019ರ ನವೆಂಬರ್‌ನಲ್ಲಿ ಬಂದ 'ಡೆಫಿನಿಟಿವ್ ಎಡಿಷನ್' ಇದೆ. ಸ್ಟೀಮ್ ಅಥವಾ ಮೈಕ್ರೋಸಾಫ್ಟ್ ಅಂಗಡಿಯಿಂದ ಖರೀದಿಸಿ ಇಳಿಸಿಕೊಳ್ಳಬಹುದು. ಚಿತ್ರಗಳು ಹೊಸವು, ಆಟ ಅದೇ. ಆದರೆ ಇದಕ್ಕೆ ಹಾರ್ಡ್ ಡಿಸ್ಕಿನಲ್ಲಿ ಬಹಳ ಜಾಗ ಬೇಕು. 2022ರಲ್ಲಿ ಇದಕ್ಕೆ ಬಂಗಾಳಿ, ದ್ರಾವಿಡ, ಗುರ್ಜರ ಜನಾಂಗಗಳೂ ಸೇರಿದವು.

"ಎಲ್ಲೋ ಪುಕ್ಕಟೆ ಸಿಗುತ್ತದಂತೆ ಸರ್" ಎಂದು ಹುಡುಗರು ಹೇಳುವುದುಂಟು. ಬೇರೆಯವರ ದುಡಿಮೆಯನ್ನು ಕೇಳದೆ ಎತ್ತಿಕೊಂಡರೆ ಅದಕ್ಕೆ ಏನೆನ್ನುತ್ತಾರೆಂದು ಮನೆಯಲ್ಲಿ ಹೇಳಿಕೊಡಿ. ಅದೂ ಅಲ್ಲದೆ ಅಂತಹ ಕಡತಗಳ ಬೆನ್ನಿಗೆ ವೈರಸ್ ಬರುತ್ತದೆ. ಹಣ ಕೊಡಲಾಗದವರಿಗೆ ನೇರ ದಾರಿಯೇ ಇದೆ. 'ಝೀರೋ ಏ.ಡಿ.' ಎಂಬ ಇದೇ ಬಗೆಯ ಆಟವನ್ನು ಸ್ವಯಂಸೇವಕರು ತಯಾರಿಸಿ ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದಾರೆ. ಅದರಲ್ಲಿ ಮೌರ್ಯರೂ ಇದ್ದಾರೆ. ಲಿನಕ್ಸ್ ಇರುವ ಕಂಪ್ಯೂಟರಿನಲ್ಲೂ ನಡೆಯುತ್ತದೆ.

ಇನ್ನು ಆಡುವ ವಿಧಾನ. ಆರಂಭದಲ್ಲಿ ನಿಮಗೆ ಒಂದು ಊರ ಕೇಂದ್ರ, ಮೂವರು ಹಳ್ಳಿಗರು, ದಾರಿ ಹುಡುಕಲು ಒಬ್ಬ ಕುದುರೆ ಸವಾರ ಸಿಗುತ್ತಾರೆ. ಕಣಜದಲ್ಲಿ 200 ಆಹಾರ, 200 ಮರ, 100 ಚಿನ್ನ, 200 ಕಲ್ಲು. ಕತ್ತಿ ಹಿಡಿದವನು ಒಬ್ಬನೂ ಇಲ್ಲ! ಇಲ್ಲಿಯೇ ಮಗುವಿಗೆ ಮೊದಲ ಲೆಕ್ಕ ಹಾಕಿಸಿ. ಒಬ್ಬ ಹಳ್ಳಿಗನಿಗೆ 50 ಆಹಾರ. ಹಾಗಾದರೆ ಎಷ್ಟು ಮಂದಿಯನ್ನು ತರಬಹುದು? ನಾಲ್ಕು ಎನ್ನುತ್ತಾನೆ. ಆದರೆ ಊರ ಕೇಂದ್ರದಲ್ಲಿ ಐದು ಮಂದಿಗೆ ಮಾತ್ರ ಜಾಗ, ನಾಲ್ವರು ಆಗಲೇ ಇದ್ದಾರೆ. ಐದನೆಯವನ ನಂತರ ಬರುವವನಿಗೆ ಸೂರು ಬೇಡವೇ? 30 ಮರ ಕೊಟ್ಟು ಒಂದು ಮನೆ ಕಟ್ಟಿದರೆ ಇನ್ನೈದು ಮಂದಿಗೆ ಜಾಗವಾಗುತ್ತದೆ. ಆದ್ದರಿಂದ ಮೊದಲ ನಿಮಿಷದಲ್ಲೇ ಎರಡು ಮನೆ ಕಟ್ಟಿಸಬೇಕು. ಸವಾರನನ್ನು ಊರಿನ ಸುತ್ತ ತಿರುಗಿಸಿ ಕುರಿಗಳನ್ನು ಹುಡುಕಿಸಬೇಕು. ನಂತರ ಕೆಲವರು ಮರ ಕಡಿಯಲು, ಕೆಲವರು ಹೊಲಕ್ಕೆ. ಒಂದು ಹೊಲಕ್ಕೆ 60 ಮರ ಬೇಕು.

ಕೀಬೋರ್ಡಿನ 'ಎಚ್' ಒತ್ತಿದರೆ ಊರ ಕೇಂದ್ರ ಸಿಗುತ್ತದೆ, ಅನಂತರ 'ಸಿ' ಒತ್ತಿದರೆ ಹೊಸ ಹಳ್ಳಿಗ ತಯಾರು. ಪೂರ್ಣವಿರಾಮದ ಗುಂಡಿ ಒತ್ತಿದರೆ ಕೆಲಸವಿಲ್ಲದೆ ನಿಂತ ಹಳ್ಳಿಗನನ್ನು ತೋರಿಸುತ್ತದೆ. ಆಟ ಕಲಿಯುವವರು ಸೋಲುವುದು ಹೆಚ್ಚಾಗಿ ಸೈನ್ಯ ಕಡಿಮೆಯಾಗಿ ಅಲ್ಲ, ಹಳ್ಳಿಗರು ಸುಮ್ಮನೆ ನಿಂತು. 500 ಆಹಾರ ಕೂಡಿಸಿ ಫ್ಯೂಡಲ್ ಏಜ್‌ಗೂ, 800 ಆಹಾರ 200 ಚಿನ್ನ ಕೊಟ್ಟು ಕ್ಯಾಸಲ್ ಏಜ್‌ಗೂ, 1000 ಆಹಾರ 800 ಚಿನ್ನ ಕೊಟ್ಟು ಇಂಪೀರಿಯಲ್ ಏಜ್‌ಗೂ ಏರಬೇಕು. ಯುದ್ಧದ ಸೂತ್ರ ಸರಳ. ಕುದುರೆ ಸವಾರರಿಗೆ ಈಟಿಗಾರರು ಮತ್ತು ಒಂಟೆ ಸವಾರರು ಎದುರು. ಬಿಲ್ಲುಗಾರರ ಮೇಲೆ ಕುದುರೆ ಬಿಡಿ. ಕಾಲಾಳುಗಳನ್ನು ಬಿಲ್ಲುಗಾರರು ದೂರದಿಂದಲೇ ತಡೆಯುತ್ತಾರೆ. ಒಂದೇ ಬಗೆಯ ಸೈನ್ಯ ಕಟ್ಟಿದವನಿಗೆ ಸೋಲು ಖಂಡಿತ.

ಎರಡು ಗುಂಡಿಗಳನ್ನು ಮೊದಲೇ ಕಲಿಸಿ. 'ಎಫ್3' ಒತ್ತಿದರೆ ಆಟ ಅಲ್ಲೇ ನಿಲ್ಲುತ್ತದೆ. ಅಝಾನ್ ಕೇಳಿದಾಗ, ಅಮ್ಮಿ ಕರೆದಾಗ "ಒಂದೇ ನಿಮಿಷ" ಎಂಬ ಉತ್ತರಕ್ಕೆ ಇದರಿಂದ ಅವಕಾಶವಿಲ್ಲ. 'ಎಫ್10' ಒತ್ತಿ 'ಸೇವ್' ಮಾಡಿದರೆ ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ನಮ್ಮ ಘಾಟಬೋರಾಳದಂತಹ ಊರುಗಳಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಕಾಲು ಗಂಟೆಗೊಮ್ಮೆ ಸೇವ್ ಮಾಡುವ ಅಭ್ಯಾಸ ಒಳ್ಳೆಯದು.

ಹೊಸಬರು ವಿಲಿಯಂ ವಾಲೇಸ್‌ನ ಏಳು ಪಾಠಗಳಿಂದ ಆರಂಭಿಸಲಿ. ನಡೆಯುವುದರಿಂದ ಕೋಟೆ ಕಟ್ಟುವವರೆಗೆ ಎಲ್ಲವನ್ನೂ ಅದು ಕಲಿಸುತ್ತದೆ. ಆಮೇಲೆ ನಮ್ಮ ಮಕ್ಕಳು ಓಡುವುದು ಸಲಾಹುದ್ದೀನ್ ಅಯ್ಯೂಬಿಯ ಅಧ್ಯಾಯಗಳಿಗೆ. ಆರು ಕದನಗಳಲ್ಲಿ ಒಂದು ಹತ್ತೀನ್, ಇನ್ನೊಂದು ಜೆರುಸಲೇಮಿನ ಮುತ್ತಿಗೆ. ಹೆಸರು ಕಂಡು ಹೆಮ್ಮೆಪಡುವುದು ಸಹಜ. ಇಲ್ಲಿ ಮಾತ್ರ ದೊಡ್ಡವರು ಪಕ್ಕದಲ್ಲಿ ಕುಳಿತುಕೊಳ್ಳಬೇಕೆಂದು ನನ್ನ ಕೋರಿಕೆ.

ಏಕೆಂದರೆ ಆಟ ಹೇಳುವುದು ಅರ್ಧ ಕತೆಯನ್ನು. 1187ರ ಜುಲೈ 4ರಂದು ಹತ್ತೀನ್‌ನಲ್ಲಿ ಗೆಲುವು ತಂದದ್ದು ಕತ್ತಿಗಿಂತ ಹೆಚ್ಚಾಗಿ ನೀರು. ಶಿಲುಬೆ ಯೋಧರ ಸೈನ್ಯ ಬೇಸಿಗೆಯ ಬಿಸಿಲಲ್ಲಿ ನೀರಿಲ್ಲದ ದಾರಿ ಹಿಡಿಯಿತು. ಸಲಾಹುದ್ದೀನರ ಪಡೆ ನೀರಿನ ದಾರಿಗೆ ಅಡ್ಡ ನಿಂತು, ಒಣಹುಲ್ಲಿಗೆ ಬೆಂಕಿಯಿಟ್ಟಿತು. ಆಟದಲ್ಲಿ ಸೈನಿಕನಿಗೆ ಬಾಯಾರಿಕೆಯೇ ಇಲ್ಲ. ಬೀದರಿನ ನೌಬಾದ್‌ನಲ್ಲಿ ಬಹಮನಿಯರ ಕಾಲದ ಕರೇಜ್, ಅಂದರೆ ಸುರಂಗ ಬಾವಿ ನೋಡಿದ ಮಗುವಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಕೋಟೆಯ ಬಲ ಗೋಡೆಯಲ್ಲಷ್ಟೇ ಇರುವುದಿಲ್ಲ.

ಅದೇ ವರ್ಷ ಅಕ್ಟೋಬರ್ 2ರಂದು ಜೆರುಸಲೇಮ್ ಸಲಾಹುದ್ದೀನರ ಕೈಸೇರಿತು. ಅದು ಕೊನೆಗೊಂಡದ್ದು ಮಾತುಕತೆಯಲ್ಲಿ. ನಗರದ ಪರವಾಗಿ ಬೇಲಿಯನ್ ಎಂಬ ಸರದಾರ ಬಂದು ಮಾತನಾಡಿದ. ಗಂಡಸಿಗೆ 10 ದೀನಾರ್, ಹೆಂಗಸಿಗೆ 5 ದೀನಾರ್ ಕೊಟ್ಟು ಜನ ಸುರಕ್ಷಿತವಾಗಿ ಹೊರಹೋಗಬಹುದೆಂದು ತೀರ್ಮಾನವಾಯಿತು. 1099ರಲ್ಲಿ ಶಿಲುಬೆ ಯೋಧರು ಆ ನಗರವನ್ನು ಹಿಡಿದಾಗ ನಡೆದ ಕಗ್ಗೊಲೆ ಮರುಕಳಿಸಲಿಲ್ಲ. ಹಣವಿಲ್ಲದ ಅನೇಕ ಬಡವರನ್ನು ಸುಲ್ತಾನರೂ ಅವರ ತಮ್ಮನೂ ಬಿಡಿಸಿದರು. ಆದರೂ ಸಾವಿರಾರು ಮಂದಿ ಹಣ ಕೊಡಲಾಗದೆ ಗುಲಾಮರಾದರು. ಹತ್ತೀನ್‌ನಲ್ಲಿ ಸೆರೆಸಿಕ್ಕ ಟೆಂಪ್ಲರ್, ಹಾಸ್ಪಿಟಲರ್ ಪಂಗಡಗಳ ಯೋಧರನ್ನು ಕೊಲ್ಲಿಸಿದ್ದೂ ನಿಜ. ನಮ್ಮವರೆಂದು ಇದನ್ನು ಮುಚ್ಚಿಟ್ಟರೆ ಮಕ್ಕಳು ಕಲಿಯುವುದು ಇತಿಹಾಸವನ್ನಲ್ಲ, ಬರೀ ಬಡಾಯಿಯನ್ನು. ಕ್ಷಮಿಸಿದ್ದನ್ನೂ ಹೇಳಿ, ಕ್ಷಮಿಸದಿದ್ದುದನ್ನೂ ಹೇಳಿ.

ಆಟ ಮುಗಿದ ಮೇಲೆ ಪರದೆಯಲ್ಲಿ ಒಂದು ಪಟ್ಟಿ ಬರುತ್ತದೆ. ಎಷ್ಟು ಮಂದಿಯನ್ನು ಕೊಂದಿರಿ, ಎಷ್ಟು ಕಟ್ಟಡ ಕೆಡವಿದಿರಿ ಎಂಬ ಲೆಕ್ಕ ಅದರಲ್ಲಿರುತ್ತದೆ. ಹೊಲದಲ್ಲಿದ್ದ ಹಳ್ಳಿಗ ಸತ್ತರೂ ಒಂದು ಅಂಕಿ, ಕತ್ತಿ ಹಿಡಿದವನು ಸತ್ತರೂ ಒಂದು ಅಂಕಿ. ಈ ಪಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. "ಈ ಹಳ್ಳಿಗರು ಯಾರ ಜೊತೆ ಯುದ್ಧ ಮಾಡುತ್ತಿದ್ದರು?" ಎಂದು ಮಗುವನ್ನು ಕೇಳಿ.

ನಮ್ಮ ಬೀದರ್ ಜಿಲ್ಲೆಗೆ ಇದು ದೂರದ ಪಾಠವಲ್ಲ. 1948ರ ಸೆಪ್ಟೆಂಬರ್ 13ರಂದು ಸೈನ್ಯ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. ಸೊಲ್ಲಾಪುರದ ಕಡೆಯಿಂದ ಬಂದ ಪಡೆ ನಳದುರ್ಗ, ಹುಮನಾಬಾದ್ ದಾರಿಯಾಗಿಯೇ ಮುಂದೆ ಸಾಗಿತು. ಐದು ದಿನಗಳಲ್ಲಿ ಕದನ ಮುಗಿಯಿತು. ಸೈನ್ಯದ ಲೆಕ್ಕದಲ್ಲಿ ಅದು ಚಿಕ್ಕ ಯುದ್ಧ. ಆದರೆ ಅದಕ್ಕೆ ಮುಂಚೆ ರಜಾಕಾರರ ಹಾವಳಿಯಲ್ಲಿ ಹಳ್ಳಿಗರು ಸತ್ತರು. ಅದರ ನಂತರ ನಡೆದ ಸೇಡಿನಲ್ಲಿಯೂ ಹಳ್ಳಿಗರೇ ಸತ್ತರು. ಸರಕಾರ ಕಳುಹಿಸಿದ ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫ್ಫಾರ್ ಅವರ ತಂಡ ಊರೂರು ತಿರುಗಿ, ಸೈನ್ಯ ಬಂದ ಮೇಲೆ ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದೆಂದು ಅಂದಾಜಿಸಿತು. ಹೆಚ್ಚು ನೊಂದ ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್ ಜಿಲ್ಲೆಗಳನ್ನು. ಹಿಂದೂ ಮನೆಯಲ್ಲಿ ಅಡಗಿ ಉಳಿದ ಮುಸ್ಲಿಮರೂ ಇದ್ದರು ಎಂಬುದನ್ನು ಆ ತಂಡವೇ ಬರೆದಿದೆ. ಇದನ್ನು ಹಗೆ ಬೆಳೆಸಲು ಹೇಳಬಾರದು. ಯುದ್ಧದ ಪಟ್ಟಿಯಲ್ಲಿ ಯಾರ ಹೆಸರು ಬರುವುದಿಲ್ಲವೋ ಅವರೇ ನಮ್ಮ ಅಜ್ಜ ಅಜ್ಜಿಯರ ಅಕ್ಕಪಕ್ಕದವರು ಎಂದು ತಿಳಿಸಲು ಹೇಳಬೇಕು.

ಹಾಗಾದರೆ ಆಟ ಬಿಡಿಸಬೇಕೇ? ಬೇಡ ಎನ್ನುತ್ತೇನೆ. ಮಿತಿಯಲ್ಲಿ ಆಡಿದರೆ ಇದರಿಂದ ಲೆಕ್ಕ, ಯೋಜನೆ, ತಾಳ್ಮೆ ಮೂರೂ ಬೆಳೆಯುತ್ತವೆ. ಕೆಲವು ನಿಯಮಗಳಿರಲಿ. ಕಂಪ್ಯೂಟರ್ ಎಲ್ಲರೂ ಓಡಾಡುವ ಕೋಣೆಯಲ್ಲಿರಲಿ. ಶಾಲೆಯ ದಿನ ಬೇಡ, ರಜೆಯ ದಿನ ಒಂದು ಗಂಟೆ ಸಾಕು. ಹೆಣ್ಣು ಮಕ್ಕಳಿಗೂ ಸಮಪಾಲು ಸಿಗಲಿ, ಲೆಕ್ಕ ಅವರಿಗೂ ಬೇಕು. ವಾರಕ್ಕೊಮ್ಮೆ ಅಬ್ಬಾ ಅಥವಾ ಅಣ್ಣ ಜೊತೆಯಲ್ಲಿ ಕುಳಿತು ಆಡಲಿ. ಸೋತರೆ ಕೀಬೋರ್ಡ್ ಬಡಿಯುವ ಮಗುವಿಗೆ ಒಂದು ವಾರ ಬಿಡುವು ಕೊಡಿ.

ಮುಂದಿನ ರಜೆಯಲ್ಲಿ ಮಕ್ಕಳನ್ನು ಬಸವಕಲ್ಯಾಣದ ಕೋಟೆಗೋ ಬೀದರಿನ ಕೋಟೆಗೋ ಕರೆದೊಯ್ಯಿರಿ. ಬೀದರಿನಲ್ಲಿ ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕ ತೋರಿಸಿ, ಇದನ್ನು ಕೊರೆಯಲು ಎಷ್ಟು ಹಳ್ಳಿಗರು ಬೇಕಾಗಿದ್ದರು, ಅವರಿಗೆ ಅನ್ನ ಎಲ್ಲಿಂದ ಬಂತು ಎಂದು ಕೇಳಿ. ಅಲ್ಲಿಂದ ಮಹಮೂದ್ ಗವಾನರ ಮದರಸಾಕ್ಕೂ ಹೋಗಿ. ಯುದ್ಧಗಳನ್ನು ಗೆದ್ದ ಆ ವಜೀರರು 1481ರಲ್ಲಿ ಸತ್ತದ್ದು ರಣರಂಗದಲ್ಲಲ್ಲ. ಶತ್ರುಗಳು ಸೃಷ್ಟಿಸಿದ ಒಂದು ಸುಳ್ಳು ಪತ್ರವನ್ನು ನಂಬಿ ಸುಲ್ತಾನರೇ ಅವರನ್ನು ಕೊಲ್ಲಿಸಿದರು. ವಿಚಾರಿಸದೆ ನಂಬಿದ ರಾಜ್ಯ ಆಮೇಲೆ ಹೆಚ್ಚು ಕಾಲ ಒಂದಾಗಿ ಉಳಿಯಲಿಲ್ಲ. ಮೊಬೈಲಿಗೆ ಬಂದದ್ದನ್ನೆಲ್ಲ ನಂಬಿ ಮುಂದಕ್ಕೆ ಕಳುಹಿಸುವ ನಮ್ಮ ಮಕ್ಕಳಿಗೆ ಆ ಗೋಡೆಗಳ ಕೆಳಗೆ ನಿಂತು ಹೇಳಲು ಇದಕ್ಕಿಂತ ಒಳ್ಳೆಯ ಕತೆ ಬೇರೊಂದಿಲ್ಲ.