ಹಿಂಡು ನಿಲ್ಲದೆ ನಡೆಯೋದು ಯಾಕೆ?

ಆಫ್ರಿಕಾದ ವೈಲ್ಡ್‌ಬೀಸ್ಟ್ ಹಿಂಡಿನ ವಿಡಿಯೋ ತೋರಿಸಿ, 'ದನಗಳನ್ನ ಹೀಗೇ ಒತ್ತಾಗಿ ಮೇಯಿಸಿ, ಬರಡು ನೆಲ ಹಸಿರಾಗುತ್ತೆ' ಅನ್ನೋ ಸಲಹೆ ಈಗ ಮೊಬೈಲ್‌ಗಳಲ್ಲಿ ಓಡಾಡ್ತಿದೆ. ಅದು ಅರ್ಧ ಮಾತು. ಆ ಹಿಂಡು ಯಾಕೆ ನಡೆಯುತ್ತೆ ಅಂತ ನೋಡಿದರೆ ಉಳಿದರ್ಧ ಸಿಗುತ್ತೆ.

ಟಾಂಜಾನಿಯಾದ ಸೆರೆಂಗೆಟಿ ಮತ್ತು ಅದಕ್ಕೆ ಅಂಟಿಕೊಂಡಿರೋ ಕೀನ್ಯಾದ ಮಸಾಯಿ ಮಾರಾ ಪ್ರದೇಶದಲ್ಲಿ ವರ್ಷಕ್ಕೊಂದು ಸುತ್ತು ಹಾಕೋ ವೈಲ್ಡ್‌ಬೀಸ್ಟ್‌ಗಳು ಸುಮಾರು 13 ಲಕ್ಷ. ದಕ್ಷಿಣದ ಬಯಲಲ್ಲಿ ಮಳೆ ಕಡಿಮೆ, ಆದರೆ ಮಣ್ಣು ಜ್ವಾಲಾಮುಖಿಯ ಬೂದಿಯದು. ಅಲ್ಲಿನ ಗಿಡ್ಡ ಹುಲ್ಲಲ್ಲಿ ರಂಜಕ, ಕ್ಯಾಲ್ಸಿಯಂ ಚೆನ್ನಾಗಿರುತ್ತೆ. ಹಾಲುಣಿಸೋ ತಾಯಿಗೆ ಬೇಕಾದ್ದೇ ಅದು. ಫೆಬ್ರವರಿ ಸುಮಾರಿಗೆ, ಎರಡು ಮೂರು ವಾರದೊಳಗೆ, ಹೆಚ್ಚಿನ ಕರುಗಳು ಅಲ್ಲೇ ಹುಟ್ಟುತ್ತವೆ. ಒಟ್ಟಿಗೇ ಅಷ್ಟು ಕರು ಹುಟ್ಟಿದರೆ ಸಿಂಹ, ಕತ್ತೆಕಿರುಬ ಎಷ್ಟು ತಾನೇ ತಿಂದಾವು? ಗುಂಪಿನ ಲಾಭ ಇದು.

ಮಳೆ ನಿಂತ ಮೇಲೆ ಅಲ್ಲಿ ನೀರೂ ಇಲ್ಲ, ಹಸಿರೂ ಇಲ್ಲ. ಹಿಂಡು ಪಶ್ಚಿಮ ಹಿಡಿದು ಉತ್ತರಕ್ಕೆ ಸಾಗುತ್ತೆ. ಉತ್ತರದಲ್ಲಿ ಮಳೆ ಸುಮಾರು ಎರಡರಷ್ಟು, ಒಣಗಾಲದಲ್ಲೂ ಮಾರಾ ನದಿಯಲ್ಲಿ ನೀರಿರುತ್ತೆ. ಹುಲ್ಲು ಹೇರಳ, ಸತ್ವ ಮಾತ್ರ ಕಡಿಮೆ. ಮಳೆ ಶುರುವಾದದ್ದೇ ತಡ, ಮತ್ತೆ ದಕ್ಷಿಣಕ್ಕೆ. ಅಷ್ಟರಲ್ಲಿ ಆ ಬಯಲಿಗೆ ತಿಂಗಳುಗಟ್ಟಲೆ ಬಿಡುವು ಸಿಕ್ಕಿರುತ್ತೆ. ವಿಡಿಯೋಗಳು ಬಿಟ್ಟುಬಿಡೋದು ಈ ಬಿಡುವನ್ನೇ.

ದಾರಿ ಕಟ್ಟಿದರೆ ಏನಾಗುತ್ತೆ? ಬೋಟ್ಸ್ವಾನಾದಲ್ಲಿ ದನಗಳಿಗೆ ಕಾಲುಬಾಯಿ ಜ್ವರ ಹರಡದಿರಲಿ ಅಂತ 1950ರ ದಶಕದಿಂದ ಉದ್ದುದ್ದ ಬೇಲಿ ಹಾಕಿದರು. 1980ರ ದಶಕದ ಬರದಲ್ಲಿ ನೀರು ಹುಡುಕಿ ಹೊರಟ ಕಲಹಾರಿಯ ವೈಲ್ಡ್‌ಬೀಸ್ಟ್‌ಗಳು ಬೇಲಿಗೆ ಅಡ್ಡಬಿದ್ದು ಸಾವಿರಗಟ್ಟಲೆ ಸತ್ತವು.

ನಮ್ಮ ಕುರಿಗಾರರಿಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ ಬಿಡಿ. ಮಂದೆ ಹೊಲದಲ್ಲಿ ಒಂದೆರಡು ರಾತ್ರಿ ನಿಂತು, ಗೊಬ್ಬರ ಬಿಟ್ಟು, ಮುಂದಿನೂರಿಗೆ ಹೊರಡುತ್ತೆ. ಎರಡೆಕರೆಯಲ್ಲಿ ಹತ್ತು ದನ ಕೂಡಿ ದಿನಾ ಅಲ್ಲೇ ಮೇಯಿಸಿದರೆ ಅದು ಸೆರೆಂಗೆಟಿ ಆಗಲ್ಲ, ಊರ ಗೋಮಾಳ ಆಗುತ್ತೆ.

ಸೋಲಾರ್ ಬೇಲಿಗೆ ದುಡ್ಡು ಹಾಕೋ ಮೊದಲು ಹುಲ್ಲಿನ ಲೆಕ್ಕ ಹಾಕಿ. ಮೇಯಿಸಿದ ತುಂಡಿಗೆ ದನ ವಾಪಸ್ ಬರೋ ಹೊತ್ತಿಗೆ ಹುಲ್ಲು ಪೂರ್ತಿ ಬೆಳೆದಿರಬೇಕು. ಮಳೆಗಾಲದಲ್ಲಿ ಬೇಗ ಆಗುತ್ತೆ. ಬೇಸಿಗೆಯಲ್ಲಿ ನೀರಿಲ್ಲದ ಜಮೀನಲ್ಲಿ ಚಿಗುರೋದೇ ಇಲ್ಲ, ನಿಮ್ಮ ದನಕ್ಕೆ ಹೋಗೋಕೆ ಮಾರಾ ನದಿಯೂ ಇಲ್ಲ. ಆ ತಿಂಗಳುಗಳಿಗೆ ಒಣಮೇವು, ಸೈಲೇಜ್ ಎಲ್ಲಿಂದ ಅಂತ ಮೊದಲು ಗೊತ್ತುಮಾಡಿಕೊಳ್ಳಿ. ದಾರಿ ಕಾಣದಿದ್ದರೆ ದನ ಕಡಿಮೆ ಮಾಡಿ, ಇಲ್ಲಾಂದ್ರೆ ಕೊಟ್ಟಿಗೆಯಲ್ಲೇ ಕಟ್ಟಿ ಮೇವು ಹಾಕಿ.